ಹೇಮಾವತಿಯಲ್ಲಿ ಮಗುಚಿದ್ದು, ಲೆಕ್ಕದಲ್ಲಿ ಮೈಲುತುತ್ತ: ನನ್ನ ಅನುಭವ

ಮಗುಚಿಕೊಂಡ ಕ್ಯಾನೋವನ್ನು (ಉದ್ದನೆಯ, ಕಿರಿದಾದ ತೆರೆದ ದೋಣಿ) ನಡುನೀರಿನಲ್ಲಿ ಒಬ್ಬನೇ ನೆಟ್ಟಗೆ ಮಾಡಿ, ದಡದ ಆಸರೆಯಿಲ್ಲದೆ ಮತ್ತೆ ಅದರೊಳಗೆ ಹತ್ತಿ ಕೂರುವುದು ಆಗದ ಮಾತು ಎಂದು ಗೊರೂರು ಹಿನ್ನೀರಿನ ಮೀನುಗಾರರೂ, ನನ್ನ ಜೊತೆ ಮೊದಲ ದೋಣಿ ಕಟ್ಟಿದ ಗೆಳೆಯನೂ, ಮಂಗಳೂರಿನಲ್ಲಿ ಕಯಾಕ್ ನಡೆಸುವ ಅವನ ಭಾವಮೈದುನನೂ ಮೂರು ವರ್ಷ ಹೇಳುತ್ತಲೇ ಬಂದರು. 2024ರ ನವೆಂಬರ್‌ನಲ್ಲಿ ಶೆಟ್ಟಿಹಳ್ಳಿಯ ಆಚೆಗಿನ ನೀರಿನಲ್ಲಿ ನಾನು ಅದನ್ನು ಒಂದೇ ದಿನ ಎರಡು ಸಲ ಮಾಡಿದೆ. ಒಂದು ಸಲ ಬೇಕೆಂದೇ, ಇನ್ನೊಂದು ಸಲ ಬೇಡವೆಂದರೂ. ಈ ಎರಡರಲ್ಲಿ ಒಂದೂ ಮನೆಯಲ್ಲಿ ಗೊತ್ತಿಲ್ಲ. ದೋಣಿ ಇರುವುದು ತೋಟದ ಕೆರೆಯ ಕಳೆ ತೆಗೆಯಲಿಕ್ಕೆ ಎಂದೇ ಅವ್ವನೂ ನನ್ನ ಹೆಂಡತಿಯೂ ತಿಳಿದಿದ್ದಾರೆ. ಅವ್ವನ ತವರು ಮುಳುಗಡೆಯಾದದ್ದು ಇದೇ ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ. ಅಣೆಕಟ್ಟು ಮುಗಿದ 1979ರಿಂದ ಈಚೆಗೆ ಅವರು ಆ ನೀರಿನ ಕಡೆ ಮುಖ ಮಾಡಿ ನಿಂತದ್ದನ್ನು ನಾನು ಕಂಡಿಲ್ಲವಾದ್ದರಿಂದ, ಅಲ್ಲಿಗೆ ಹೋಗಿ ಮುಳುಗಿ ಎದ್ದು ಬಂದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೊದಲ ದೋಣಿಯ ಕಥೆಯನ್ನು ಬೇಗ ಮುಗಿಸುತ್ತೇನೆ. 2021ರ ಜುಲೈನಲ್ಲಿ, ಸಕಲೇಶಪುರದ ಮಳೆ ಎಡೆಬಿಡದೆ ಹೊಯ್ಯುತ್ತಿದ್ದಾಗ, ಗೋಡೌನಿನಲ್ಲಿ ಕೆಲಸವಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಕಟ್ಟಲು ಕುಳಿತೆವು. ನೀರಿಗೆ ಪದರ ಬಿಡದ ಮೆರೀನ್ ಪ್ಲೈವುಡ್ ಎಂದು ಅಂಗಡಿಯವನು ಮುದ್ರೆ ತೋರಿಸಿ ಕೊಟ್ಟ ಹಲಗೆ ಮೆರೀನ್ ಆಗಿರಲಿಲ್ಲ. ಒಂದು ತುಂಡನ್ನು ಹಂಡೆಯ ನೀರಿನಲ್ಲಿ ಕುದಿಸಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು, ಆದರೆ ಆ ಬುದ್ಧಿ ಬಂದದ್ದು ಆಮೇಲೆ. ದುಡ್ಡು ಉಳಿಸಲು ಎಪಾಕ್ಸಿ ಅಂಟಿನ ಬದಲು, ನೀರಿನ ಟ್ಯಾಂಕ್ ಮಾಡುವವರು ಬಳಸುವ ಪಾಲಿಯೆಸ್ಟರ್ ರೆಸಿನ್ ತಂದೆವು. ಮಗುಚಿದರೂ ದೋಣಿ ತೇಲಲೆಂದು ಮೂತಿಯಲ್ಲಿ ಮಾಡಿದ್ದ ಗಾಳಿಗೂಡಿಗೆ ತುಂಬಿದ್ದ ಥರ್ಮಾಕೋಲ್ ಮೇಲೆ ಅದನ್ನು ಬಳಿದಾಗ ನಮ್ಮ ಕಣ್ಣೆದುರಿಗೇ ಥರ್ಮಾಕೋಲ್ ಬಿಸಿ ಬೆಲ್ಲದ ಪಾಕದಂತೆ ಕರಗಿ ತಳ ಹಿಡಿಯಿತು. ಆ ರೆಸಿನ್ನಿನಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ತಿನ್ನುತ್ತದೆ, ಎಪಾಕ್ಸಿ ತಿನ್ನುವುದಿಲ್ಲ. ಹದಿನಾಲ್ಕು ಸಾವಿರದ ಮೇಲೆ ಖರ್ಚಾಗಿತ್ತು. ಗೂಡು ಖಾಲಿಯಿದ್ದರೂ ಪರವಾಗಿಲ್ಲವೆಂದು ಹಾಗೆಯೇ ಮುಚ್ಚಿದೆವು.

ಅದೇ ವರ್ಷದ ನವೆಂಬರ್‌ನಲ್ಲಿ ಸಕಲೇಶಪುರದಿಂದ ಕೆಳಗೆ ಹೊಳೆಯಲ್ಲಿ ಹೋಗುವಾಗ ದೋಣಿ ಒಂದು ಬಂಡೆಗೆ ಅಡ್ಡಲಾಗಿ ಒರಗಿತು. ಬಂಡೆಯನ್ನು ಕಂಡು ಭಯವಾದಾಗ ಮೈ ತಾನಾಗಿಯೇ ಅದರಿಂದ ದೂರಕ್ಕೆ ವಾಲುತ್ತದೆ; ವಾಲಿದೊಡನೆ ನೀರು ಬರುವ ದಿಕ್ಕಿನ ಅಂಚು ತಗ್ಗಿ ಹೊಳೆಯೇ ಒಳಗೆ ನುಗ್ಗುತ್ತದೆ. ಬಂಡೆಯನ್ನು ತಬ್ಬಿಕೊಳ್ಳುವಂತೆ ಅದರ ಕಡೆಗೇ ವಾಲಬೇಕು ಎಂಬುದನ್ನು ನಾವಿಬ್ಬರೂ ಓದಿ ತಿಳಿದಿದ್ದೆವು, ಇಬ್ಬರೂ ತಪ್ಪು ಕಡೆಗೇ ವಾಲಿದೆವು. ಹಲಗೆ ಪದರ ಪದರವಾಗಿ ಬಿಚ್ಚಿಕೊಂಡು ದೋಣಿ ನಡುಮುರಿಯಿತು. ಹೋದದ್ದು ನನ್ನ ಹದಿನೇಳು ಸಾವಿರದ ಫೋನು, ಕನ್ನಡಕ, ಒಂದು ಚಪ್ಪಲಿ. ಲೈಫ್ ಜಾಕೆಟ್ ಹಾಕಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅರೇಬಿಕಾ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶುರುವಾಗಿದ್ದ ಕಾಲವಾದ್ದರಿಂದ ಫೋನು ಪಲ್ಪರ್ ತೊಟ್ಟಿಗೆ ಬಿತ್ತೆಂದು ಮನೆಯಲ್ಲಿ ಹೇಳಿದೆ, ಪಕ್ಕೆಯ ನೀಲಿಗಟ್ಟಿದ ಗಾಯಕ್ಕೆ ಗೋಡೌನಿನ ಏಣಿಯನ್ನು ಹೊಣೆ ಮಾಡಿದೆ. ಕನ್ನಡಕಕ್ಕೆ ಮಾತ್ರ ಸುಳ್ಳು ಹೊಳೆಯದೆ, ಕಪಿ ಎತ್ತಿಕೊಂಡು ಹೋಯಿತು ಎಂದೆ. ಅದನ್ನೇ ಎಲ್ಲರೂ ಮೊದಲು ನಂಬಿದರು.

ಎರಡನೆಯ ದೋಣಿಯನ್ನು 2022ರ ಫೆಬ್ರವರಿಯಲ್ಲಿ, ಒಣ ಹವೆಯಲ್ಲಿ ಕಟ್ಟಿದೆ. ಐಎಸ್ 710 ಎಂಬ ಮೆರೀನ್ ಪ್ಲೈವುಡ್ ಮಾನಕದ ಮುದ್ರೆಯ ಹಲಗೆಯನ್ನು ಈ ಸಲ ಕುದಿಸಿಯೇ ಕೊಂಡೆ. ಉದ್ದ ಹದಿನೈದು ಅಡಿ, ಅಗಲ ಮೂವತ್ತೆರಡು ಇಂಚಿನ ಆಸುಪಾಸು, ತೂಕ ಇಪ್ಪತ್ತೇಳೋ ಇಪ್ಪತ್ತೆಂಟೋ ಕೆ.ಜಿ. ಹಲಗೆಗಳನ್ನು ಹೊಲಿಯಲು ಮೋಟಾರ್ ವೈಂಡಿಂಗ್ ಅಂಗಡಿಯ ಹಳೆಯ ತಾಮ್ರದ ತಂತಿಯೇ ಸಾಕಾಯಿತು. ಆರು ಮಿ.ಮೀ. ಹಲಗೆಯ ಓರೆ ಜೋಡಣೆಗೆ ದಪ್ಪದ ಎಂಟು ಪಟ್ಟು ಇಳಿಜಾರು ಬೇಕು. ನಾಲ್ಕು ಪಟ್ಟಿಗೆ ಮಾಡಿದ ಮೊದಲ ಜೋಡಣೆ ಮಂಡಿ ಇಟ್ಟೊಡನೆ ಹಪ್ಪಳದಂತೆ ಮುರಿಯಿತು. ಆತುರದಲ್ಲಿ ಎಪಾಕ್ಸಿಯನ್ನು ಒಂದೇ ಡಬ್ಬಿಯಲ್ಲಿ ಹೆಚ್ಚಾಗಿ ಕಲಸಿದ ದಿನ ಅದು ಅಲ್ಲಿಯೇ ಕಾದು ಹೊಗೆಯಾಡಿತು, ಸುಮಾರು ಎಂಟುನೂರು ರೂಪಾಯಿ ಕಲ್ಲಾಯಿತು. ಅಂದಿನಿಂದ ಅಗಲ ಬಾಯಿಯ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸುತ್ತೇನೆ. ಮಂಜು ಬಿದ್ದ ಮರುದಿನ ಮೇಲ್ಮೈ ಮೇಲೆ ಜಿಡ್ಡಿನಂಥ ಪೊರೆ ಕೂತಿದ್ದರೆ ಬಿಸಿನೀರಿನಲ್ಲಿ ಉಜ್ಜಿ ತೊಳೆಯದೆ ಮುಂದಿನ ಪದರ ಬಳಿಯಬಾರದು. ನಡುವೆ ಒಂದು ಪ್ರಯೋಗವನ್ನೂ ಮಾಡಿದೆ: ಸಂದು ತುಂಬಲು ಮರದ ಹುಡಿಯ ಬದಲು ಕಾಫಿ ಬೀಜದ ಮೇಲಿನ ಪಾರ್ಚ್‌ಮೆಂಟ್ ಹೊಟ್ಟನ್ನು ಬೀಸಿ ಹಾಕಿದೆ. ಬಣ್ಣ ಸೊಗಸಾಗಿತ್ತು, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಸಿಲ್ವರ್ ಓಕ್ ಮರದಲ್ಲಿ ಕೊರೆದ ಹುಟ್ಟು ಹಗುರವಾಗಿತ್ತಾದರೂ ಒಂದೇ ಬೇಸಿಗೆಗೆ ಸೀಳಿತು. ಈಗಿರುವುದು ಹಲಸಿನದು, ಭಾರ, ಆದರೆ ಮಾತಿಗೆ ತಪ್ಪುವುದಿಲ್ಲ.

ಒಟ್ಟು ಮೂವತ್ತೆರಡು ಸಾವಿರದಷ್ಟಾಯಿತು. ತೋಟದ ಲೆಕ್ಕದ ಪುಸ್ತಕವನ್ನು ತಿಂಗಳಿಗೊಮ್ಮೆ ಅವ್ವ ಓದಿಸಿ ಕೇಳುವುದರಿಂದ, ರೆಸಿನ್, ಹಾರ್ಡನರ್, ಫೈಬರ್ ಬಟ್ಟೆ ಎಲ್ಲವನ್ನೂ ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತವೆಂದು ಬರೆದೆ. ಆ ವರ್ಷವೇ ನಮ್ಮ ಕೆಳಗಿನ ತಾಕಿನ ಮೆಣಸಿಗೆ ಸೊರಗು ರೋಗ ಬಂದದ್ದು ನನ್ನ ದುರದೃಷ್ಟ. "ಇಷ್ಟೊಂದು ಮೈಲುತುತ್ತ ಹೊಡ್ದೂ ಬಳ್ಳಿ ಹೋಯ್ತಲ್ಲೋ" ಎಂದು ಅವ್ವ ಇಂದಿಗೂ ಕೇಳುತ್ತಾರೆ.

2022ರ ನವೆಂಬರ್‌ನಲ್ಲಿ ಹಿನ್ನೀರಿಗೆ ಒಬ್ಬನೇ ಹೋದೆ, ಗೆಳೆಯ ಬರಲು ಒಪ್ಪಲಿಲ್ಲ. ನೀರು ತುಂಬಿ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಅರ್ಧ ಮುಳುಗಿದ್ದವು. ಗೋಡೆಗಳು ಶಿಥಿಲವಾಗಿರುವುದರಿಂದ ನಾನು ದೂರದಿಂದಲೇ ಸುತ್ತು ಹಾಕಿದೆ. ಅಲ್ಲಿಂದ ಗೊರೂರಿನ ಕಡೆ ತಿರುಗಿದರೆ, ಹೊತ್ತು ಏರಿದ ಮೇಲೆ ಏಳುವ ಮೂಡಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಒಬ್ಬನೇ ಹಿಂದಿನ ಪಟ್ಟಿಯ ಮೇಲೆ ಕುಳಿತರೆ ಮೂತಿ ಮೇಲೆದ್ದು ಗಾಳಿ ಅದನ್ನು ಬಾಗಿಲಿನಂತೆ ತಿರುಗಿಸುತ್ತದೆ. ಹಾಗೆ ತಿರುಗಿದಾಗ ಮೀನಿನ ಬಲೆಗೆ ಸಿಕ್ಕಿ, ಬಿಡಿಸಲು ಬಾಗಿ, ಮಗುಚಿದೆ. ಹತ್ತಲು ಏಳೆಂಟು ಬಾರಿ ಪ್ರಯತ್ನಿಸಿದೆ. ಪ್ರತಿ ಬಾರಿಯೂ ಅಂಚಿಗೆ ಎದೆ ಕೊಟ್ಟೊಡನೆ ದೋಣಿ ನನ್ನ ಮೇಲೆಯೇ ಕವುಚಿತು. ಕೊನೆಗೆ ಬಲೆಯ ಯಜಮಾನರೇ ಹರಿಗೋಲಿನಲ್ಲಿ ಬಂದು ದಡಕ್ಕೆ ಎಳೆದು ತಂದರು. "ಗೌಡ್ರೆ, ಇದು ದೋಣಿಯಲ್ಲ, ಬಾಳೆದಿಂಡು. ಇದ್ರ ಮೇಲೆ ಯಾರಾದ್ರೂ ಕೂರ್ತಾರಾ?" ಎಂದರು. ಹರಿದ ಬಲೆಗೆ ಸಾವಿರದ ಇನ್ನೂರು ಕೊಟ್ಟೆ. ಮನೆಯಲ್ಲಿ ಅದೂ ಮೈಲುತುತ್ತವೇ.

ಅವರ ಮಾತಿನಲ್ಲಿಯೇ ದಾರಿ ಇತ್ತೆಂದು ಆಮೇಲೆ ಹೊಳೆಯಿತು. ಹರಿಗೋಲು ಅಗಲವಾಗಿರುವುದರಿಂದ ಅಂಚಿಗೆ ಭಾರ ಬಿದ್ದರೂ ತಡೆದುಕೊಳ್ಳುತ್ತದೆ; ನನ್ನ ದೋಣಿಗೂ ಹತ್ತುವ ಆ ಒಂದು ನಿಮಿಷದ ಮಟ್ಟಿಗೆ ಮಾತ್ರ ಅಗಲ ಬೇಕಾಗಿತ್ತು. 2023ರಲ್ಲಿ ಮಳೆ ಕೈಕೊಟ್ಟು ಹಿನ್ನೀರಿಗೆ ಹೋಗುವ ಮಾತೇ ಇರಲಿಲ್ಲವಾದ್ದರಿಂದ ಇಡೀ ವರ್ಷ ತೋಟದ ಕೆರೆಯಲ್ಲಿ ಪ್ರಯೋಗ ಮಾಡಿದೆ. ಮೊದಲು ಕಾರಿನ ಟ್ಯೂಬುಗಳನ್ನು ಎರಡು ಬದಿಗೆ ಕಟ್ಟಿದೆ. ಒಂದು ಬಿಸಿಲಿಗೆ ಉಬ್ಬಿ ಒಡೆಯಿತು, ಇನ್ನೊಂದಕ್ಕೆ ಮುಳ್ಳು ಚುಚ್ಚಿತು. ಕೊನೆಗೆ ನಿಂತದ್ದು ಇಷ್ಟು: ಒಂಬತ್ತು ಅಡಿಯ ಒಣಬಿದಿರಿನ ಗಳ, ಅದರ ತುದಿಗೆ ಬಿಗಿಯಾಗಿ ಮುಚ್ಚಿದ ಹತ್ತು ಲೀಟರ್ ಕ್ಯಾನು. ದೋಣಿಯನ್ನು ನೆಟ್ಟಗೆ ಮಾಡಿದ ಮೇಲೆ ಗಳವನ್ನು ಎರಡು ಅಡ್ಡಪಟ್ಟಿಗಳ ನಡುವಿನ ಕುಣಿಕೆಗೆ ತೂರಿಸಿ, ಕ್ಯಾನು ನಾನಿರುವ ಬದಿಯಲ್ಲೇ ಆರು ಅಡಿ ಆಚೆ ತೇಲುವಂತೆ ಬಿಗಿಯಬೇಕು. ನನ್ನ ಭಾರ ಅಂಚಿಗೆ ಬಿದ್ದಾಗ ಕ್ಯಾನು ಮುಳುಗಲೊಲ್ಲದೆ ಮೇಲಕ್ಕೆ ಒತ್ತುತ್ತದೆ. ಕ್ಯಾನನ್ನು ಎದುರು ಬದಿಗೆ ಹಾಕಿ ಒಂದು ತಿಂಗಳು ಹಾಳು ಮಾಡಿದ್ದೆ. ಅಲ್ಲಿ ಅದು ಗಾಳಿಗೆ ಎದ್ದು ಸುಮ್ಮನೆ ನೋಡುತ್ತದೆ. ಕಾಲಿಡಲು ಅಡ್ಡಪಟ್ಟಿಯಿಂದ ಒಂದು ಹಗ್ಗದ ಉರುಳು ಇಳಿಬಿಟ್ಟರೆ, ಐವತ್ತರ ಹತ್ತಿರದ ನನ್ನಂಥವನೂ ಹೊಟ್ಟೆಯ ಮೇಲೆ ಜಾರಿ ಒಳಗೆ ಉರುಳಬಹುದು. ಒದ್ದೆ, ನಡುಗುವ ಕೈಯೊಂದರಲ್ಲೇ ಬಿಗಿಯಲೂ ಬಿಚ್ಚಲೂ ಬರುವ ಆ ಗಂಟು ನಾನು ಕಂಡುಕೊಂಡದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಕೆರೆಗೆ ಬಂದವರಿಗೆ ತೋರಿಸುತ್ತೇನೆ. ಗಾಳಿಗೂಡುಗಳ ಒಳಗೆ ಏನು ತುಂಬಿದ್ದೇನೆ ಎಂಬುದೂ ಹಾಗೆಯೇ ಇರಲಿ. ಅಭ್ಯಾಸದ ದಿನಗಳಲ್ಲಿ ತೊಯ್ದ ಬಟ್ಟೆಗೆ ತುಂತುರು ನೀರಾವರಿಯ ಪೈಪು ಎಷ್ಟು ಬಾರಿ ಒಡೆಯಿತೆಂದರೆ, ಹೆಂಡತಿ ಹೊಸ ಪೈಪು ತರಿಸಿಯೇಬಿಟ್ಟಳು.

ಈಗ ಒಬ್ಬನಿಗೆ ಮಾತ್ರ ನಿಜ ಹೇಳಿ ಹೋಗುತ್ತೇನೆ, ತೋಟದ ರೈಟರಿಗೆ. ಎಲ್ಲಿ ಇಳಿಯುತ್ತೇನೆ, ಎಲ್ಲಿ ಹತ್ತುತ್ತೇನೆ ಎಂದು ಚೀಟಿ ಕೊಟ್ಟಿರುತ್ತೇನೆ; ಸಂಜೆ ಏಳಕ್ಕೆ ಫೋನು ಬಾರದಿದ್ದರೆ ಮೊದಲು ಬಲೆಯ ಯಜಮಾನರಿಗೆ, ಆಮೇಲೆ ಮನೆಗೆ ಎಂಬುದು ಒಪ್ಪಂದ.

2024ರ ನವೆಂಬರ್‌ನಲ್ಲಿ ಬೆಳಿಗ್ಗೆ ಅದೇ ಯಜಮಾನರ ಎದುರು, ಅವರ ಹರಿಗೋಲು ಇಪ್ಪತ್ತು ಮಾರು ದೂರದಲ್ಲಿರುವಾಗ, ಬೇಕೆಂದೇ ಮಗುಚಿ ನಾಲ್ಕು ನಿಮಿಷದ ಒಳಗೆ ಒಳಗಿದ್ದೆ. ನೀರು ಎತ್ತಿ ಹಾಕಲು ಇನ್ನೊಂದು ಕಾಲು ಗಂಟೆ ಹಿಡಿಯಿತು. ಅವರು ಏನೂ ಹೇಳಲಿಲ್ಲ, ಬೀಡಿ ಹಚ್ಚಿದರು. ಹನ್ನೊಂದರ ಮೇಲೆ ಗಾಳಿ ಎದ್ದು, ಮುಳುಗಿದ ಮರದ ಬೊಡ್ಡೆಯೊಂದು ತಳಕ್ಕೆ ತಾಗಿ, ದಡದಿಂದ ಇನ್ನೂರು ಮೀಟರ್ ಒಳಗೆ ನಿಜವಾಗಿಯೇ ಮಗುಚಿದೆ. ಈ ಸಲ ಆರು ನಿಮಿಷ ಬೇಕಾಯಿತೆಂದು ನೆನಪು; ಗಳ ತೂರಿಸುವಾಗ ಒಮ್ಮೆ ಕೈ ಜಾರಿತು. ಯೂರಿಯಾ ಚೀಲದ ಒಳಪದರದಲ್ಲಿ ಸುತ್ತಿ, ನೀಲಿ ಡ್ರಮ್ಮಿನಲ್ಲಿ ಇಟ್ಟಿದ್ದ ಫೋನು ಒಣಗಿಯೇ ಇತ್ತು. ನೀರು ಎತ್ತಿ ಹಾಕಿ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಅದು ಬಡಿದುಕೊಂಡಿತು. ಅವ್ವ.

"ಊಟ ಆಯ್ತೇನೋ? ಅದೇನೋ ಅದು, ಗಳಗಳ ಅಂತ ಸದ್ದು?"

ಅಲೆ ದೋಣಿಯ ಪಕ್ಕೆಗೆ ಬಡಿಯುತ್ತಿತ್ತು. "ಪಲ್ಪರ್ ತೊಟ್ಟಿಗೆ ನೀರು ಬಿಟ್ಟಿದೀನಿ ಅವ್ವ" ಎಂದೆ.

"ಹಂಗಾದ್ರೆ ಮೊದ್ಲು ಮೋಟ್ರು ನಿಲ್ಸು, ಸುಮ್ನೆ ಕರೆಂಟು ಹೋಯ್ತದೆ" ಎಂದರು. ಫೋನನ್ನು ಅಂಗೈಯಿಂದ ಮುಚ್ಚಿ, ಹುಟ್ಟು ಹಾಕಿ ದೋಣಿಯ ಮೂತಿಯನ್ನು ಗಾಳಿಗೆ ಎದುರು ತಿರುಗಿಸಿದೆ, ಸದ್ದು ನಿಂತಿತು.