ಗುಳಿಗೆ ಶುರುವಾದ ಮನೆಯಲ್ಲಿ ಮೊದಲ 6 ವಾರ

ವಿಜಯಪುರದಲ್ಲಿ 18 ವರ್ಷದಿಂದ ಮೆಡಿಕಲ್ ಅಂಗಡಿ ನಡೆಸುತ್ತಿದ್ದೇನೆ. ಎಸ್ಸಿಟಲೋಪ್ರಾಮ್ ಚೀಟಿ ತಂದವರು ಮೊದಲು ಆಚೀಚೆ ನೋಡುತ್ತಾರೆ. ಆಮೇಲೆ ಮೆಲ್ಲಗೆ, "ಅಕ್ಕಾರ, ಇದು ನಿದ್ದಿ ಗುಳಿಗಿ ಏನ್ರಿ?" ಅಂತಾರೆ. ಅಲ್ಲ, ಖಿನ್ನತೆಯ ಗುಳಿಗೆ.

ಇದರ ಬಗ್ಗೆ ಮನೆಯವರಿಗೆ ಏನು ಹೇಳಬೇಕು ಅನ್ನೋದನ್ನು ನಾನು ತಪ್ಪು ಮಾಡಿಯೇ ಕಲಿತೆ. ಇಂಡಿ ಹತ್ತಿರ ನನ್ನ ತಮ್ಮನ ಲಿಂಬೆ ತೋಟ ಇದೆ. ಬೋರ್‌ವೆಲ್ ಬತ್ತಿದ ವರ್ಷ ಅವನು ಊಟ, ಮಾತು ಎರಡನ್ನೂ ಬಿಟ್ಟ. ನಸುಕಿನ 3 ಗಂಟೆಗೇ ಎದ್ದು ಕಟ್ಟೆ ಮೇಲೆ ಕೂತಿರುತ್ತಿದ್ದ. ಡಾಕ್ಟರ್ ಗುಳಿಗೆ ಬರೆದರು. ನಾನು ದೊಡ್ಡ ಜಾಣೆಯಂತೆ, "ಮೆದುಳಿನಾಗ ಸೆರೊಟೋನಿನ್ ಕಡಿಮಿ ಆಗೇತಿ, ಗುಳಿಗಿ ತುಂಬತೈತಿ" ಅಂದೆ.

"ಹಂಗಾರ ರಕ್ತ ತೆಗೆಸಿ, ಎಷ್ಟು ಕಡಿಮಿ ಐತಿ ನೋಡೂಣು" ಅಂದ. ನನ್ನ ಬಾಯಿ ಕಟ್ಟಿತು.

ಸೆರೊಟೋನಿನ್ ಅಂದರೆ ನರಕೋಶಗಳು ಸುದ್ದಿ ದಾಟಿಸಲು ಬಳಸುವ ಒಂದು ರಾಸಾಯನಿಕ. ಮೆದುಳಿನಲ್ಲಿ ಅದು ಎಷ್ಟಿದೆ ಅಂತ ರಕ್ತದಿಂದ ಹೇಳುವ ಪರೀಕ್ಷೆಯೇ ಇಲ್ಲ. ಮೈಯಲ್ಲಿರುವ ಸೆರೊಟೋನಿನ್‌ನಲ್ಲಿ ಬಹುಪಾಲು ಕರುಳಿನಲ್ಲಿದೆ. ರಕ್ತ ನೋಡಿ ತಲೆಯೊಳಗಿನ ಲೆಕ್ಕ ಹೇಳೋಕೆ ಬರೋದಿಲ್ಲ. ಸೆರೊಟೋನಿನ್ ಕಡಿಮೆಯಾಗಿಯೇ ಖಿನ್ನತೆ ಬರುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ ಎಂದು 2022ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯೂ ಹೇಳಿತು. ಹಾಗಂತ ಗುಳಿಗೆ ಸುಳ್ಳಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗುತ್ತೇವೆ. ಮೈಯಲ್ಲಿ ಪ್ಯಾರಾಸಿಟಮಾಲ್ ಕಡಿಮೆಯಾಗಿ ಜ್ವರ ಬಂತು ಅಂತೀವಾ? ಬತ್ತಿದ ಬೋರ್‌ವೆಲ್, ಸಾಲ, ನಿದ್ದೆಗೇಡು, ಮನೆತನದಿಂದ ಬಂದದ್ದು, ಎಲ್ಲ ಸೇರಿ ಅದೇ ಮೆದುಳಿನ ಮೇಲೆ ಬೀಳುತ್ತವೆ.

ಈಗ ಹೀಗೆ ಹೇಳುತ್ತೇನೆ. ಎರಡು ನರಕೋಶಗಳ ನಡುವೆ ಸಣ್ಣ ಸಂದು ಇರುತ್ತದೆ. ಸುದ್ದಿ ದಾಟಿಸಲು ಒಂದು ಕೋಶ ಸೆರೊಟೋನಿನ್ ಬಿಡುತ್ತದೆ, ಆಮೇಲೆ ಅದನ್ನೇ ವಾಪಸ್ ಎಳೆದುಕೊಳ್ಳುತ್ತದೆ. ಗುಳಿಗೆ ಈ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಆ ಕೆಲಸ ಮೊದಲ ದಿನವೇ ಶುರು. ಮನಸ್ಸು ಹಗುರಾಗಲು ಮಾತ್ರ 2ರಿಂದ 4 ವಾರ, ಕೆಲವರಿಗೆ 6 ವಾರವೂ ಬೇಕು. ಇದನ್ನು ಕೇಳಿ ತಮ್ಮ, "ನೀರು ಬಿಟ್ಟ ದಿನಾನ ಲಿಂಬಿಗೆ ಹೂವು ಬರಂಗಿಲ್ಲಲ್ಲ" ಅಂದ. ಈಗ ಗಿರಾಕಿಗಳಿಗೂ ಅದನ್ನೇ ಹೇಳುತ್ತೇನೆ.

ಮೊದಲ ವಾರ ಹೊಟ್ಟೆ ತೊಳಸಬಹುದು. ಕರುಳಿನ ಸೆರೊಟೋನಿನ್ ಹೇಳಿದೆ ಅಲ್ವಾ? ರೊಟ್ಟಿ ತಿಂದ ಮೇಲೆ ತೆಗೆದುಕೊಳ್ಳಿ. ದಿನಾ "ಹೆಂಗದೀರಿ?" ಅಂತ ಕೇಳಬೇಡಿ, ಸುಮ್ನೆ ಬೇಜಾರು. ತಮ್ಮನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಎರಡೇ ಬರೆಯುತ್ತಿದ್ದಳು: ಎಷ್ಟು ರೊಟ್ಟಿ, ಎಷ್ಟಕ್ಕೆ ಎದ್ದ. ಮೂರನೇ ವಾರ 3 ಗಂಟೆ ಹೋಗಿ ನಾಲ್ಕೂವರೆ ಆಯಿತು, ಒಂದು ರೊಟ್ಟಿ ಎರಡಾಯಿತು. ಅವನು ಮಾತ್ರ "ಏನೂ ಫರಕಿಲ್ಲ" ಅನ್ನುತ್ತಿದ್ದ. ಹೆಚ್ಚು ಕಡಿಮೆ ಎಲ್ಲ ಮನೆಯಲ್ಲೂ ಹೀಗೇ, ಸುಧಾರಣೆ ಮೊದಲು ಕಾಣೋದು ಜೊತೆಗಿದ್ದವರಿಗೆ.

25ರೊಳಗಿನವರಾದರೆ ಮೊದಲ ವಾರಗಳಲ್ಲಿ ಜಾಸ್ತಿ ಕಣ್ಣಿಡಿ. ಯಾವ ವಯಸ್ಸಿನವರೇ ಇರಲಿ, ವಿಪರೀತ ಚಡಪಡಿಕೆ ಅಥವಾ ಸಾಯುವ ಮಾತು ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಎರಡನೇ ತಿಂಗಳು ತಮ್ಮ ಯಾರಿಗೂ ಹೇಳದೆ ಗುಳಿಗೆ ಬಿಟ್ಟ. ಮೂರೇ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ. ಮನೆಯಲ್ಲಿ ಚಟ ಹತ್ತಿತು ಅಂದುಕೊಂಡರು. ಚಟವಲ್ಲ. ಮೆದುಳು ಹೊಂದಿಕೊಂಡಿರುವುದನ್ನು ದಿಢೀರನೆ ಕಿತ್ತುಕೊಂಡರೆ ಹೀಗಾಗುತ್ತದೆ. ಬಿಡುವುದಾದರೆ ಡಾಕ್ಟರ್ ಹೇಳಿದಂತೆ ಸ್ವಲ್ಪಸ್ವಲ್ಪ ಇಳಿಸಬೇಕು. ಮೊದಲ ಸಲ ಖಿನ್ನತೆ ಬಂದವರಿಗೂ ಹುಷಾರಾದ ಮೇಲೆ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸುತ್ತಾರೆ.

ಲಿಥಿಯಂ ತಗೊಳ್ಳೋರಿಗೆ ಬೇರೆ ಮಾತು. ಮನಸ್ಸು ಒಮ್ಮೆ ವಿಪರೀತ ಉಬ್ಬಿ ಇನ್ನೊಮ್ಮೆ ಕುಗ್ಗುವ ಬೈಪೋಲಾರ್ ಕಾಯಿಲೆಗೆ ಕೊಡುವ ಈ ಔಷಧ ರಕ್ತದಲ್ಲಿ ಎಷ್ಟಿದೆ ಅನ್ನೋದಕ್ಕೆ ಪರೀಕ್ಷೆ ಇದೆ, ತಪ್ಪಿಸಬೇಡಿ. ನಮ್ಮೂರ ಬೇಸಿಗೆಯಲ್ಲಿ ಬೆವರಿ, ಇಲ್ಲವೇ ವಾಂತಿ ಭೇದಿಯಾಗಿ ಮೈಯ ನೀರು, ಉಪ್ಪು ಇಳಿದರೆ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಅದನ್ನು ಏರಿಸುತ್ತವೆ. ಮೊಣಕಾಲು ನೋವಿನ ಗುಳಿಗೆ ಕೇಳಿದಾಗ ನಾನು "ಬ್ಯಾರೆ ಏನ್ ತಗೋತೀರಿ?" ಅಂದರೆ ಸಿಟ್ಟಾಗಬೇಡಿ. ಕಿವಿಯಲ್ಲಾದರೂ ಹೇಳಿ.