ಡ್ರಾಸೆರಾ ಬೀಜವನ್ನು ಮನೆಯಲ್ಲಿ ಮೊಳೆಸುವ ಕ್ರಮ

ಕೀಟಾಹಾರಿ ಗಿಡಗಳನ್ನು ಬೀಜದಿಂದಲೇ ಬೆಳೆಸಬೇಕೆನ್ನುವವರು ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ ಡ್ರಾಸೆರಾ ಕೆಪೆನ್ಸಿಸ್‌ನಿಂದ ಆರಂಭಿಸುವುದು ಒಳ್ಳೆಯದು. ಎಲೆಯ ಕೆಂಪು ರೋಮಗಳ ತುದಿಯಲ್ಲಿ ಅಂಟುಹನಿಗಳನ್ನು ಹೊತ್ತಿರುವ ಈ ಗಿಡದ ಬೀಜಕ್ಕೆ ಶೀತೋಪಚಾರ ಬೇಕಿಲ್ಲ. ಉತ್ತರ ಅಮೆರಿಕದ ಇನ್ನೊಂದು ಕೀಟಾಹಾರಿ ಗಿಡ ಸರಸೇನಿಯಾ ಆಗಿದ್ದರೆ ಬೀಜಗಳನ್ನು ತೇವದ ಪಾಚಿಯಲ್ಲಿಟ್ಟು 4ರಿಂದ 6 ವಾರ ಫ್ರಿಜ್ಜಿನಲ್ಲಿ ಕಾಯಬೇಕಾಗುತ್ತಿತ್ತು.

ಈ ಗಿಡಗಳ ಹುಟ್ಟುನೆಲವೇ ಸಾರವಿಲ್ಲದ್ದು. ಮಣ್ಣಿನಲ್ಲಿ ಸಾಕಷ್ಟು ಸಿಗದ ಸಾರಜನಕವನ್ನು ಅವು ಕೀಟಗಳಿಂದ ಪಡೆಯುತ್ತವೆ. ಆದ್ದರಿಂದ ಕೆಮ್ಮಣ್ಣಾಗಲಿ, ಎರೆಗೊಬ್ಬರವಾಗಲಿ ಕುಂಡದ ಹತ್ತಿರ ಸುಳಿಯಬಾರದು. ಗೊಬ್ಬರ ಬೆರೆಸದ ಪೀಟ್ ಮಾಸ್ (ಜೌಗುನೆಲದ ಅರೆಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಣಗಳು) ಇವೆರಡನ್ನು ಸಮಪಾಲಿನಲ್ಲಿ ಕಲಸಿ, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಕುಂಡಕ್ಕೆ ತುಂಬಬೇಕು. ಅಗ್ಗವೆಂದು ನಾನು ಮೊದಲ ಸಲ ತೆಂಗಿನ ನಾರಿನ ಕೊಕೊಪೀಟನ್ನು ತೊಳೆಯದೆ ಬಳಸಿ, ಅದರ ಉಪ್ಪಿನಂಶದಿಂದ ಮೊಳಕೆಗಳೆಲ್ಲ ಕಪ್ಪಾಗಿ ಕರಗಿಹೋದದ್ದನ್ನು ನೋಡಬೇಕಾಯಿತು.

ನೀರಿನ ವಿಷಯದಲ್ಲಿ ರಾಜಿಯೇ ಬೇಡ. ಬೋರ್‌ವೆಲ್ ನೀರಿನ ಲವಣಗಳು ಕುಂಡದಲ್ಲಿ ದಿನೇದಿನೇ ಶೇಖರವಾಗಿ ಬೇರನ್ನು ಸುಡುತ್ತವೆ. ತಾರಸಿಯಿಂದ ಹಿಡಿದಿಟ್ಟ ಮಳೆನೀರು ಅಥವಾ ಡಿಸ್ಟಿಲ್ಡ್ ನೀರು ಉತ್ತಮ. ಮನೆಯ ಆರ್‌ಒ ಯಂತ್ರದ ನೀರನ್ನು ಕೊಡುವುದಾದರೆ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ, ಅಳತೆ 50 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಕಡಿಮೆ ಇದೆಯೆಂದು ಖಚಿತಪಡಿಸಿಕೊಳ್ಳಬೇಕು.

ಬೀಜಗಳು ನಶ್ಯದ ಪುಡಿಯಂತೆ ಸಣ್ಣವು, ಕಪ್ಪು, ಒಂದು ಸೀನಿಗೆ ಹಾರಿಹೋಗುವಂಥವು. ಬಿಳಿ ಕಾಗದವನ್ನು ನಡುವೆ ಮಡಿಚಿ, ಮಡಿಕೆಯಲ್ಲಿ ಬೀಜ ಸುರಿದುಕೊಂಡು, ಕಾಗದದ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ಅವು ಒಂದೇ ಕಡೆ ಗುಂಪಾಗದೆ ಹರಡಿ ಬೀಳುತ್ತವೆ. ಮೊಳೆಯಲು ಬೆಳಕು ಬೇಕಾದ್ದರಿಂದ ಬೀಜಗಳ ಮೇಲೆ ಮಿಶ್ರಣವನ್ನು ಮುಚ್ಚಬಾರದು, ಮೇಲಿನಿಂದ ನೀರನ್ನೂ ಹೊಯ್ಯಬಾರದು. ಕುಂಡವನ್ನು ತಟ್ಟೆಯಲ್ಲಿಟ್ಟು ಅದರಲ್ಲಿ ಒಂದು ಸೆಂಟಿಮೀಟರಿನಷ್ಟು ನೀರು ನಿಲ್ಲಿಸಿದರೆ ತೇವ ತಾನಾಗಿ ಮೇಲೇರುತ್ತದೆ. ಕುಂಡದ ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಬೆಳಕು ಚೆನ್ನಾಗಿದ್ದರೂ ಮಧ್ಯಾಹ್ನದ ಬಿಸಿಲು ನೇರ ಬೀಳದ ಕಿಟಕಿಯಲ್ಲಿಡಬೇಕು, ಏಕೆಂದರೆ ಮುಚ್ಚಿದ ಕುಂಡ ಬಿಸಿಲಿಗೆ ಒಲೆಯಂತೆ ಕಾಯುತ್ತದೆ. ಎರಡು ದಿನಕ್ಕೊಮ್ಮೆ ಹೊದಿಕೆ ತೆಗೆದು ಗಾಳಿಯಾಡಿಸಿದರೆ ಬೂಷ್ಟಿನ ಕಾಟ ಕಡಿಮೆ.

ಸಾಮಾನ್ಯವಾಗಿ 2ರಿಂದ 6 ವಾರಗಳಲ್ಲಿ ಗುಂಡುಸೂಜಿಯ ತಲೆಯಷ್ಟು ಹಸಿರು ಚುಕ್ಕೆಗಳು ಕಾಣಿಸುತ್ತವೆ. ಭೂತಗನ್ನಡಿ ಹಿಡಿದು ನೋಡಬೇಕು: ಎರಡು ಬೀಜದಳಗಳ ನಡುವಿನಿಂದ ಬರುವ ಮೊದಲ ಎಲೆಯಲ್ಲೇ ರೋಮಗಳೂ ಅವುಗಳ ತುದಿಯಲ್ಲಿ ಅಂಟುಹನಿಗಳೂ ಇರುತ್ತವೆ. ಆ ಹಂತದಲ್ಲಿ ಹೊದಿಕೆಯನ್ನು ಒಮ್ಮೆಲೇ ಕಿತ್ತುಹಾಕದೆ, ವಾರವಿಡೀ ದಿನಕ್ಕಿಷ್ಟು ಸರಿಸುತ್ತ ಬರಬೇಕು. ಮುಂದೆ ಎಲೆಗಳು ಕೆಲವು ಮಿಲಿಮೀಟರ್ ಅಗಲವಾದಾಗ, ಒಣಗಿದ ಮೀನಿನ ಆಹಾರವನ್ನು ನುಣ್ಣಗೆ ಪುಡಿಮಾಡಿ ಹಲ್ಲುಕಡ್ಡಿಯ ತುದಿಯಲ್ಲಿ ಒಂದೆರಡು ಕಣ ಇಡಬಹುದು; ಹೆಚ್ಚಾದರೆ ಎಲೆಯೇ ಕೊಳೆಯುತ್ತದೆ.

ನಮ್ಮ ಕರಾವಳಿಯ ಜಂಬಿಟ್ಟಿಗೆ ನೆಲದಲ್ಲೂ ಡ್ರಾಸೆರಾ ಇಂಡಿಕಾ, ಡ್ರಾಸೆರಾ ಬರ್ಮಾನೈ ಬೆಳೆಯುತ್ತವೆ. ಅಲ್ಲಿಂದ ಕೀಳುವ ಆಸೆ ಬೇಡ. ಬೆಳೆಸಿದವರಿಂದಲೇ ಬೀಜ ಪಡೆಯಿರಿ. ಇವುಗಳಿಗೂ ಇದೇ ಕ್ರಮ ಸಾಕು, ಆದರೆ ಬೇರು ಅಲುಗಿಸಿದರೆ ಸಹಿಸವು, ಹಾಗಾಗಿ ಬೆಳೆಯಬೇಕಾದ ಕುಂಡದಲ್ಲೇ ಬಿತ್ತಬೇಕು.