ಎಫ್‌ಟಿ8ಗೆ ಆಡಿಯೊ ಪಾಸ್‌ಬ್ಯಾಂಡ್ ಎಷ್ಟು ಸಮತಟ್ಟಾಗಿರಬೇಕು? ಅಳೆದು ಸರಿಪಡಿಸುವ ಬಗೆ

ಎಫ್‌ಟಿ8 ಎಂದರೆ ಹ್ಯಾಮ್ ರೇಡಿಯೊದಲ್ಲಿ ಕಂಪ್ಯೂಟರ್ ಬಳಸಿ ದುರ್ಬಲ ಸಿಗ್ನಲ್‌ಗಳಲ್ಲೂ ಸಂಪರ್ಕ ಸಾಧಿಸುವ ಡಿಜಿಟಲ್ ವಿಧಾನ. ಅದರ ಸಿಗ್ನಲ್ ಒಂದಕ್ಕೆ ಬೇಕಾಗುವುದು 50 ಹರ್ಟ್ಸ್ ಜಾಗ ಮಾತ್ರ. ಆದರೆ ಡಯಲ್ 14.074 ಮೆಗಾಹರ್ಟ್ಸ್‌ನಲ್ಲಿದ್ದರೆ, ಸುಮಾರು 200ರಿಂದ 3000 ಹರ್ಟ್ಸ್‌ವರೆಗಿನ ಆಡಿಯೊದಲ್ಲಿ, ಅಂದರೆ ರೇಡಿಯೊ ಹಾದುಹೋಗಲು ಬಿಡುವ ಪಾಸ್‌ಬ್ಯಾಂಡ್‌ನಲ್ಲಿ, ಹತ್ತಾರು ಸ್ಟೇಷನ್‌ಗಳು ಒಟ್ಟಿಗೇ ಇರುತ್ತವೆ. ಸಿಗ್ನಲ್‌ಗಳನ್ನು ಬಣ್ಣದಲ್ಲಿ ತೋರಿಸುವ ವಾಟರ್‌ಫಾಲ್ ಚಿತ್ರದ ಒಂದು ಬದಿ ಕಪ್ಪಾಗಿದ್ದರೆ ಅಲ್ಲಿನ ದುರ್ಬಲ ಸ್ಟೇಷನ್‌ಗಳು ಕೈತಪ್ಪಬಹುದು.

ಮೊದಲು ರೇಡಿಯೊ ನೋಡಿ. ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಡೇಟಾ ಮೋಡ್, ಫಿಲ್ಟರ್ ಅಗಲ ಕನಿಷ್ಠ 3 ಕಿಲೊಹರ್ಟ್ಸ್. ಐಕಾಮ್ ಐಸಿ-7300ರ ಡೇಟಾ ಮೋಡ್‌ನಲ್ಲಿ ಮೊದಲ ಫಿಲ್ಟರ್ 1.2 ಕಿಲೊಹರ್ಟ್ಸ್‌ಗೇ ನಿಗದಿಯಾಗಿ ಬರುತ್ತದೆ, ಅದನ್ನು 3.6ರವರೆಗೆ ಹಿಗ್ಗಿಸಬಹುದು. ಅರ್ಧ ಬ್ಯಾಂಡ್ ಕಾಣೆಯಾಗಲು ಎಷ್ಟೋ ಸಲ ಇಂಥ ಕಿರಿದಾದ ಫಿಲ್ಟರೇ ಕಾರಣ. ನಾಯ್ಸ್ ರಿಡಕ್ಷನ್, ನಾಯ್ಸ್ ಬ್ಲಾಂಕರ್, ಆಟೊ ನಾಚ್ ಆಫ್ ಮಾಡಿ, ಟೋನ್ ಕಂಟ್ರೋಲ್ ಸೊನ್ನೆಗಿಡಿ. ವಿಂಡೋಸ್‌ನಲ್ಲಿ ಆಡಿಯೊ ಎನ್‌ಹಾನ್ಸ್‌ಮೆಂಟ್‌ಗಳನ್ನು ತೆಗೆದು, 16 ಬಿಟ್, 48000 ಹರ್ಟ್ಸ್ ಆರಿಸಿ. ಬರೀ ನಾಯ್ಸ್ ಇದ್ದಾಗ ಎಫ್‌ಟಿ8 ತಂತ್ರಾಂಶವಾದ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಮೀಟರ್ 30 ಡಿಬಿ ಆಸುಪಾಸು ತೋರಿಸಬೇಕು.

ಇನ್ನು ಅಳತೆ. ಎಜಿಸಿ (ರಿಸೀವರ್ ಗೇನನ್ನು ತಾನಾಗಿ ಹೊಂದಿಸುವ ವ್ಯವಸ್ಥೆ) ಆಫ್ ಮಾಡಿ, ಆರ್‌ಎಫ್ ಗೇನ್ ಮುಟ್ಟಬೇಡಿ. ಸಿಗ್ನಲ್ ಇಲ್ಲದ ಫ್ರೀಕ್ವೆನ್ಸಿಯಲ್ಲಿ ಆಡಾಸಿಟಿ ಎಂಬ ಆಡಿಯೊ ತಂತ್ರಾಂಶದಿಂದ ಒಂದು ನಿಮಿಷ ರೆಕಾರ್ಡ್ ಮಾಡಿ, ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಸೈಜ್ 4096, ಹಾನ್ ವಿಂಡೊ ಇಟ್ಟು ನೋಡಿ. ಆಂಟೆನಾ ಕಿತ್ತು ಇನ್ನೊಮ್ಮೆ ರೆಕಾರ್ಡ್ ಮಾಡಿ. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ವಾಟರ್‌ಫಾಲ್ ಕಿಟಕಿಯಾದ ವೈಡ್ ಗ್ರಾಫ್‌ನ ಫ್ಲಾಟನ್ ಆಯ್ಕೆ ಇಳಿಜಾರನ್ನು ಮರೆಮಾಚುವುದರಿಂದ, ಅಲ್ಲಿ ನೋಡುವಾಗ ಟಿಕ್ ತೆಗೆಯಿರಿ.

ಗ್ರಾಫ್ ವಾಲಿದ ಮಾತ್ರಕ್ಕೆ ಗಾಬರಿ ಬೇಡ. 6 ಡಿಬಿ ಇಳಿಜಾರು ಸಿಗ್ನಲನ್ನೂ ನಾಯ್ಸನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಅವುಗಳ ಅನುಪಾತ ಹಾಗೇ ಉಳಿಯುತ್ತದೆ. ನಿಜವಾಗಿ ನೋಡಬೇಕಾದ್ದು ಆ ಎರಡು ರೆಕಾರ್ಡಿಂಗ್‌ಗಳ ಅಂತರ. ಆಂಟೆನಾ ಹಾಕಿದಾಗ ಪಾಸ್‌ಬ್ಯಾಂಡ್‌ನ ಪ್ರತಿ ಬಿಂದುವಿನಲ್ಲೂ ನಾಯ್ಸ್ 10 ಡಿಬಿ ಏರಿದರೆ ನಿಮ್ಮ ನಷ್ಟ ಅರ್ಧ ಡಿಬಿಗೂ ಕಡಿಮೆ. ಅಂಚಿನಲ್ಲಿ 3 ಡಿಬಿ ಮಾತ್ರ ಏರಿದರೆ, ಅಲ್ಲಿ ರಿಸೀವರ್ ಮತ್ತು ಸೌಂಡ್ ಕಾರ್ಡ್‌ನ ಸ್ವಂತ ನಾಯ್ಸ್, ಆಂಟೆನಾದಿಂದ ಬರುವ ಬ್ಯಾಂಡ್ ನಾಯ್ಸ್‌ಗೆ ಸಮ. 3 ಡಿಬಿ ಕಳೆದುಕೊಂಡಿರಿ.

ರೇಡಿಯೊ ಮತ್ತು ಕಂಪ್ಯೂಟರ್ ನಡುವೆ ಹೊರಗಿನ ಇಂಟರ್‌ಫೇಸ್ ಬಳಸುವವರು ಕೆಪಾಸಿಟರ್‌ಗಳನ್ನು ಪರಿಶೀಲಿಸಬೇಕು. 10 ಕಿಲೊಓಮ್ ಇನ್‌ಪುಟ್‌ಗೆ ಸರಣಿಯಲ್ಲಿ 0.1 ಮೈಕ್ರೊಫ್ಯಾರಡ್ ಇದ್ದರೆ 159 ಹರ್ಟ್ಸ್‌ನಲ್ಲೇ 3 ಡಿಬಿ ಹೋಗುತ್ತದೆ. 1 ಮೈಕ್ರೊಫ್ಯಾರಡ್ ಹಾಕಿದರೆ ಅದು 16 ಹರ್ಟ್ಸ್‌ಗೆ ಇಳಿಯುತ್ತದೆ. ಮೇಲ್ಭಾಗ ಕುಸಿದಿದ್ದರೆ ಆರ್‌ಎಫ್ ಬೈಪಾಸ್ ಕೆಪಾಸಿಟರ್ ಮೇಲೆ ಅನುಮಾನಪಡಿ. 10 ಕಿಲೊಓಮ್ ರೆಸಿಸ್ಟರ್ ನಂತರ ಗ್ರೌಂಡ್‌ಗೆ 10 ನ್ಯಾನೊಫ್ಯಾರಡ್ ಇದ್ದರೆ 1.6 ಕಿಲೊಹರ್ಟ್ಸ್‌ನಿಂದಲೇ ಇಳಿತ. ಅಲ್ಲಿ 1 ನ್ಯಾನೊಫ್ಯಾರಡ್ ಸಾಕು. ತೀರಾ ಚಿಕ್ಕ ಐಸೊಲೇಷನ್ ಟ್ರಾನ್ಸ್‌ಫಾರ್ಮರ್‌ಗಳೂ ಕೆಳಗಿನ ಫ್ರೀಕ್ವೆನ್ಸಿಗಳನ್ನು ನುಂಗುತ್ತವೆ.

ಉಳಿದ ಏರುಪೇರಿಗೆ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಲ್ಲೇ ಸಾಧನವಿದೆ. ಆಂಟೆನಾ ತೆಗೆದು, ಟೂಲ್ಸ್ ಮೆನುವಿನಲ್ಲಿ ಮೆಷರ್ ರೆಫರೆನ್ಸ್ ಸ್ಪೆಕ್ಟ್ರಮ್ ಒತ್ತಿ, ಒಂದು ನಿಮಿಷ ಬಿಟ್ಟು ಸ್ಟಾಪ್ ಮಾಡಿ. ನಂತರ ವೈಡ್ ಗ್ರಾಫ್‌ನಲ್ಲಿ ರೆಫ್ ಸ್ಪೆಕ್ ಟಿಕ್ ಮಾಡಿ. ಇದು ಆಕಾರವನ್ನು ತಿದ್ದುತ್ತದೆ, ಕಳೆದ ಡಿಬಿಗಳನ್ನು ಮರಳಿ ತರುವುದಿಲ್ಲ. ಫಿಲ್ಟರ್ ಬದಲಿಸಿದರೆ ಹಳೆಯ ಅಳತೆ ತಪ್ಪು ತಿದ್ದುಪಡಿ ಕೊಡುತ್ತದೆ, ಹೊಸದಾಗಿ ಅಳೆಯಿರಿ.